ಮಂಗಳವಾರ ಹಡಗಿಲ್ಲ

ಎಂಟು ಗಂಟೆಗೆ ಹಡಗು ಬಂದು ನಿಂತರೆ
ಫ್ರೆಡೆರಿಕ್‌ಸ್ಟೆಡ್ಡಿನ ಅರ್ಧ ಊರಿಗೆ ನೆರಳು.
ಕೋಟೆಯ ಕೆಂಪು ಗೋಡೆಗಿಂತ ಎತ್ತರ ಅದರ ಐದನೆಯ ಮಹಡಿ,
ಅಲ್ಲಿ ಯಾರೋ ಟವೆಲು ಒಣಹಾಕಿರುತ್ತಾರೆ.

ನಾನು ವ್ಯಾನಿನ ಹಿಂಬಾಗಿಲು ತೆಗೆದು
ಮುಖವಾಡಗಳನ್ನು ತೂಗುಹಾಕುತ್ತೇನೆ.
ಇಪ್ಪತ್ತೆರಡು. ಎರಡರ ಪಟ್ಟಿ ಹರಿದು
ಸೈಕಲ್ ಟ್ಯೂಬಿನಲ್ಲಿ ಬಿಗಿದದ್ದು,
ಅವನ್ನು ಕೊನೆಗೆ ಕೊಡುತ್ತೇನೆ, ಅರ್ಧ ಬೆಲೆಗೆ.
ಗಾಜಿನೊಳಗೆ ಉಗುಳಿ, ಬೆರಳಲ್ಲಿ ಸವರಿ, ತೊಳೆಯಿರಿ
ಎಂದರೆ ಮುಖ ಸಿಂಡರಿಸುತ್ತಾರೆ.
ಉಗುಳು ನಿಮ್ಮದೇ ಅಲ್ಲವೇ, ಅನ್ನುತ್ತೇನೆ.

ಎಲ್ಲರದೂ ಒಂದೇ ಪ್ರಶ್ನೆ:
ಹತ್ತಿರದಲ್ಲಿ ಒಳ್ಳೆಯ ಜಾಗ ಎಲ್ಲಿದೆ?
ನಡೆದು ಹೋಗುವಷ್ಟು. ಮೂರಕ್ಕೆ ವಾಪಸಾಗುವಷ್ಟು.
ಆಮೆ ಇರಬೇಕು. ಅಲೆ ಇರಬಾರದು.
ಶಾರ್ಕ್ ಇದೆಯೇ ಎಂದು ಒಬ್ಬ,
ಇಲ್ಲವೇ ಎಂದು ಅವನ ಮಗ.

ಬಡಗಣ ದಾರಿ ತೋರಿಸುತ್ತೇನೆ.
ಲುಡ್ವಿಗ್ ಪೀಟರ್ಸನ್ನನ ಟ್ಯಾಕ್ಸಿ, ತಲೆಗೆ ಆರು ಡಾಲರು,
ಎರಡು ಹಾಡು ಮುಗಿಯುವುದರೊಳಗೆ ಮರಳ ದಂಡೆ.
ನೀರಹುಲ್ಲಿನಲ್ಲಿ ಆಮೆ ಮೇಯುತ್ತದೆ, ಸುಳ್ಳಲ್ಲ.
ಆಚೆ ಬಂಡೆಸಾಲಿನ ಹವಳ ಮಾತ್ರ
ಮೂರು ವರ್ಷದ ಹಿಂದೆ ರೋಗ ಬಿದ್ದು, ಬಿಳಿಚಿ,
ಈಗ ಆರಿದ ಸುಣ್ಣದ ಗೂಡಿನಂತೆ ನಿಂತಿದೆ.
ಅದನ್ನು ನಾನು ಹೇಳುವುದಿಲ್ಲ.
ಲುಡ್ವಿಗ್ ಹೇಳುತ್ತಾನೆ, ಬಾಡಿಗೆ ಕೈಗೆ ಬಂದ ಮೇಲೆ.

ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ.

ನೀವು ಇಳಿದು ಬಂದಿರಲ್ಲ, ಆ ಕಟ್ಟೆ,
ಡ್ರಮ್ಮು ಬಾರಿಸುವವನ ಡಬ್ಬಿಗೆ ಚಿಲ್ಲರೆ ಹಾಕಿ
ಗಾಳಿಗೆ ಟೋಪಿ ಹಿಡಿದುಕೊಂಡು
ಟಪಟಪ ನಡೆದು ಬಂದಿರಲ್ಲ,
ಅದರ ಕೆಳಗೆ.
ಸರಿಯಾಗಿ ನಿಮ್ಮ ಚಪ್ಪಲಿಯ ಕೆಳಗೆ.

ಒಂದೊಂದು ಕಂಬವೂ ಒಂದು ಕೇರಿ.
ಅರಿಶಿನ, ಕೆಂಡ, ನೇರಳೆ, ಸ್ಪಂಜಿನ ಮೇಲೆ ಸ್ಪಂಜು ಒತ್ತರಿಸಿ
ಕಂಬವೆಲ್ಲಿ ಮುಗಿಯಿತು, ಜೀವವೆಲ್ಲಿ ಮೊದಲಾಯಿತು
ಬೆರಳಿಟ್ಟು ಹೇಳಲಾಗದು.
ಹನ್ನೊಂದನೆಯ ಸಾಲಿನಲ್ಲಿ
ಯಾವನೋ ಬಿಟ್ಟುಹೋದ ಹಗ್ಗ,
ಹಗ್ಗಕ್ಕೆ ಬಾಲ ಸುತ್ತಿಕೊಂಡು ಒಂದು ಕಡಲಕುದುರೆ,
ನನ್ನ ಕಿರುಬೆರಳಿನುದ್ದ, ಹೊಟ್ಟೆ ಉಬ್ಬಿದ ಗಂಡು.
ಅವರಲ್ಲಿ ಬಸುರು ಅವನದು.
ನೀರು ಅತ್ತ ಎಳೆದರೆ ಅತ್ತ, ಇತ್ತ ಎಳೆದರೆ ಇತ್ತ,
ಹಗ್ಗ ಮಾತ್ರ ಬಿಡುವುದಿಲ್ಲ.

ಹಡಗು ಕಟ್ಟಿರುವಾಗ ಅಲ್ಲಿ ಇಳಿಯಕೂಡದು.
ಕಾವಲಿನ ಆಲ್ಫ್ರೀಡಾ ಸೀಟಿ ಊದುತ್ತಾಳೆ,
ನನ್ನ ಚಿಕ್ಕಮ್ಮನ ಮಗಳು, ಆದರೂ ಊದುತ್ತಾಳೆ.
ಅವಳದೂ ಸರಿಯೇ. ಆ ಪಂಖ ತಿರುಗಿದರೆ
ತಳದ ಮರಳೆಲ್ಲ ಎದ್ದು
ನೀರು ಒಡೆದ ಹಾಲಾಗುತ್ತದೆ.
ಹಾಗಾಗಿ ಲೆಕ್ಕ ಹೀಗೆ:
ನೀವು ಬಂದರೆ ಅದು ಇಲ್ಲ,
ನೀವು ಹೋದರೆ ಇದೆ.
ದುಡ್ಡು ಎಣಿಸುತ್ತ ನಿಂತವರಿಗೆ ಇದನ್ನು ಹೇಗೆ ಹೇಳುವುದು?

ಒಮ್ಮೆ ಒಬ್ಬಾಕೆಗೆ ಹೇಳಿದೆ.
ಎಪ್ಪತ್ತು ದಾಟಿದ್ದಳು, ಒಂಟಿ, ಮೊಣಕಾಲಿಗೆ ಪಟ್ಟಿ.
ಕೇಳಿಸಿಕೊಂಡು, ಬಾಡಿಗೆ ಕೊಟ್ಟು,
ಮುಖವಾಡ ಹಿಡಿದು ಬಂದ ದಾರಿಯಲ್ಲೇ ತಿರುಗಿ ನಡೆದಳು.
ಕಟ್ಟೆಯ ನಡುಮಧ್ಯೆ
ಮಳೆನೀರು ಇಳಿಯಲು ಬಿಟ್ಟ ತೂತಿಗೆ ಕಣ್ಣಿಟ್ಟು
ಬೋರಲು ಮಲಗಿದಳು, ಕಾದ ಸಿಮೆಂಟಿನ ಮೇಲೆ.
ಜನ ಅವಳನ್ನು ಸುತ್ತಿ ದಾಟಿದರು. ಡ್ರಮ್ಮಿನವನು ನಿಲ್ಲಿಸಿದ.
ಆಲ್ಫ್ರೀಡಾ ಸೀಟಿ ಬಾಯಿಗಿಟ್ಟು, ತೆಗೆದಳು.

ಸಂಜೆ ಮುಖವಾಡ ಒಣಗಿಯೇ ವಾಪಸು ಬಂತು.
ಏನಾದರೂ ಕಂಡಿತೇ?
ಕತ್ತಲು, ಅಂದಳು.
ಆದರೆ ಅಲುಗಾಡುತ್ತಿತ್ತು.

ಮಂಗಳವಾರ ಹಡಗಿಲ್ಲ.
ಹುಣಸೆಪಾನಕದ ಅಂಗಡಿಯೂ ಮುಚ್ಚಿದೆ, ನಾಯಿಗಳು ರಸ್ತೆಯ ನಡುವೆ.
ನಾನೂ ಜೆನೋಬಿಯಾಳೂ ಇಳಿಯುತ್ತೇವೆ,
ಸೈಕಲ್ ಟ್ಯೂಬಿನವು ನಮಗೆ,
ಒಳ್ಳೆಯವಕ್ಕೆ ಉಪ್ಪು ಯಾಕೆ ತಿನ್ನಿಸಬೇಕು.
ಮೂಗಿನ ಹತ್ತಿರ ನೀರು ಸೋರುತ್ತದೆ.
ಹನ್ನೊಂದನೆಯ ಸಾಲು. ಹಗ್ಗ ಇದೆ, ಅವನೂ ಇದ್ದಾನೆ,
ಹೊಟ್ಟೆ ಚಪ್ಪಟೆ.
ಮಗಳು ನೀರೊಳಗೇ ಕೈ ತಿರುಗಿಸಿ ಕೇಳುತ್ತಾಳೆ: ಮರಿಗಳು?
ಅಕ್ಕಿನುಚ್ಚಿನಷ್ಟಿರುತ್ತವೆ, ಹಿಡಿದುಕೊಳ್ಳಲು ಇನ್ನೂ ಬಾರದು,
ನೀರು ಎಳೆದ ಕಡೆಗೆ ಹೋಗಿರಬೇಕು.
ಹೇಳಲು ಬಾಯಲ್ಲಿ ಕೊಳವೆ.

ಬುಧವಾರ ಎರಡು ಹಡಗು.